ಮೊದಲು ಊಟ, ಆಮೇಲೆ ಹುಳು

ಮನೆಯಲ್ಲಿ ಸಮುದ್ರದ ಮೀನು ಸಾಕಲು ಉಪ್ಪುನೀರಿನ ಟ್ಯಾಂಕ್ ಇಟ್ಟವರು ಒಂದಲ್ಲ ಒಂದು ದಿನ ಸೀ ಸ್ಲಗ್ ನೋಡಿ ಮರುಳಾಗುತ್ತಾರೆ. ನಾನೂ ಆದೆ. ನೀಲಿ ಮೈ, ಹಳದಿ ಅಂಚು, ಬೆನ್ನ ತುದಿಯಲ್ಲಿ ಹೂವಿನ ಹಾಗೆ ಅರಳಿದ ಕಿವಿರು. ಚಿಪ್ಪಿಲ್ಲದ ಬಸವನಹುಳು ಇಷ್ಟು ಚೆಂದ ಇರುತ್ತದೆ ಅಂದರೆ ನಂಬೋದು ಕಷ್ಟ ಅಲ್ವಾ? ಏನು ತಿನ್ನುತ್ತದೆ ಎಂದು ಕೇಳಿದೆ. "ಪಾಚಿ ತಿನ್ಕೊಂಡು ಇರುತ್ತೆ ಬಿಡಿ" ಅಂದ ಅಂಗಡಿಯವನು.

ಅದು ಪಾಚಿ ಕಡೆ ತಿರುಗಿಯೂ ನೋಡಲಿಲ್ಲ. ಇದು ಕ್ರೋಮೋಡೋರಿಸ್ ಗುಂಪಿನದು, ತಿನ್ನುವುದು ಸಮುದ್ರದ ಸ್ಪಂಜು ಎಂಬ ಜೀವಿಯನ್ನು, ಅದರಲ್ಲೂ ತನಗೆ ಒಗ್ಗಿದ ಕೆಲವೇ ಜಾತಿ. ಅವನ್ನು ನಾನು ಎಲ್ಲಿಂದ ತರಲಿ? ದಿನವಿಡೀ ಗಾಜಿನ ಮೇಲೆ ಓಡಾಡುತ್ತಿತ್ತು, ಎಷ್ಟು ಚುರುಕಾಗಿದೆ ಎಂದು ನಾನು ಖುಷಿಪಟ್ಟೆ, ಪಾಪ ಅದು ಊಟ ಹುಡುಕುತ್ತಿತ್ತು. ಉಪವಾಸ ಬಿದ್ದ ಸ್ಲಗ್ ಒಂದೇ ಸಲ ಸಾಯುವುದಿಲ್ಲ, ಕುಗ್ಗುತ್ತದೆ. ಬೆರಳುದ್ದ ಇದ್ದದ್ದು ಉಗುರಿನಷ್ಟಾಗಿ, ಒಂದು ದಿನ ಕಾಣಲೇ ಇಲ್ಲ.

ಪಾಚಿ ತಿನ್ನುವವೂ ಇವೆ. ಕೆರಿಬಿಯನ್ ಕಡೆಯ ಎಲಿಸಿಯಾ ಕ್ರಿಸ್ಪಾಟಾ, ಲೆಟಿಸ್ ಎಲೆ ಮಡಚಿಟ್ಟ ಹಾಗೆ ಕಾಣುವ ಹಸಿರು ಸ್ಲಗ್, ಪಾಚಿಯ ರಸ ಹೀರಿ ಅದರ ಕ್ಲೋರೋಪ್ಲಾಸ್ಟನ್ನು, ಅಂದರೆ ಬಿಸಿಲಿನಿಂದ ಆಹಾರ ತಯಾರಿಸುವ ಹಸಿರು ಕಣಗಳನ್ನು, ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಬಿಸಿಲಲ್ಲೇ ಬದುಕುತ್ತದೆ ಎಂದು ಅದನ್ನು ಪಾಚಿಯಿಲ್ಲದ ಟ್ಯಾಂಕಿಗೆ ಬಿಡಬೇಡಿ, ಊಟ ಬೇಕೇ ಬೇಕು. ನನ್ನದು ಹಸಿವಿನಿಂದ ಸಾಯಲಿಲ್ಲ, ಪಂಪಿನೊಳಗೆ ಹೋಯಿತು. ಬೆಳಗ್ಗೆ ನೋಡಿದರೆ ಹಸಿರು ಚೂರುಗಳು. ಪಂಪಿನ ಬಾಯಿಗೆ ಒಂದು ತುಂಡು ಫೋಮ್ ಕಟ್ಟಿದ್ದರೆ ಸಾಕಿತ್ತು. ಇನ್ನು ಸೀ ಹೇರ್, ಅದೂ ಒಂದು ಬಗೆಯ ಸೀ ಸ್ಲಗ್. ಪಾಚಿಯನ್ನು ದನ ಮೇದ ಹಾಗೆ ಮೇಯುತ್ತದೆ, ಕೆಲವು ಜಾತಿ ಹೆದರಿದರೆ ನೇರಳೆ ಬಣ್ಣ ಕಾರುತ್ತವೆ, ಆಗ ಅದನ್ನು ನೀರಿನಿಂದ ಹೀರಿ ತೆಗೆಯಲು ಕೈಯಲ್ಲಿ ಆಕ್ಟಿವೇಟೆಡ್ ಕಾರ್ಬನ್ (ಇದ್ದಿಲು) ಇರಬೇಕು. ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ ಟ್ಯಾಂಕಿಗಂತೂ ಯಾವ ಸ್ಲಗ್ಗನ್ನೂ ಬಿಡಬಾರದು.

ನನಗೆ ಕೈಹಿಡಿದದ್ದು ಬರ್ಗಿಯಾ. ಎರಡು ಸೆಂಟಿಮೀಟರ್ ಕೂಡ ಇಲ್ಲದ, ಮೈತುಂಬ ಕುಚ್ಚು ಇರುವ ಸ್ಲಗ್. ಅದರ ಊಟ ಐಪ್ಟೇಸಿಯಾ ಮಾತ್ರ, ಅಂದರೆ ಬಂಡೆಕಲ್ಲಿನ ಜೊತೆ ಕದ್ದು ಬಂದು ಟ್ಯಾಂಕೆಲ್ಲ ಹರಡುವ, ಕಿತ್ತರೆ ಉಳಿದ ಚೂರಿನಿಂದಲೇ ಮತ್ತೆ ಚಿಗುರುವ ಆ ದರಿದ್ರ ಅನೆಮೋನ್, ಹೂವಿನ ಹಾಗೆ ಕಾಣುವ ಕುಟುಕುವ ಪ್ರಾಣಿ. ಬರ್ಗಿಯಾ ಅದನ್ನು ತಿಂದು ಅದರ ಕುಟುಕುವ ಕಣಗಳನ್ನು ತನ್ನ ಕುಚ್ಚಿನ ತುದಿಯಲ್ಲಿ ಸೇರಿಸಿಟ್ಟುಕೊಳ್ಳುತ್ತದೆ! ಕಳ್ಳನ ಹತ್ತಿರವೇ ಕತ್ತಿ ಕದ್ದ ಹಾಗೆ. ರಾತ್ರಿ ಲೈಟ್ ಆರಿದ ಮೇಲೆ, ಅನೆಮೋನ್ ಪಕ್ಕದಲ್ಲೇ ಮೆಲ್ಲಗೆ ಬಿಡಬೇಕು. ಪೆಪ್ಪರ್‌ಮಿಂಟ್ ಸೀಗಡಿ, ರಾಸ್ ಮೀನು ಇದ್ದರೆ ಅವೇ ಇದನ್ನು ನುಂಗಿಬಿಡಬಹುದು.

ಮೊದಲ ಕೆಲವು ವಾರ ಏನೂ ಕಾಣಲಿಲ್ಲ. ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ. ಆಮೇಲೆ ಗಾಜಿನ ಮೇಲೆ ಸುರುಳಿ ಸುತ್ತಿದ ಬಿಳಿ ದಾರ ಕಂಡಿತು, ಮೊಟ್ಟೆ! ಸುಮಾರು ಎರಡು ವಾರಕ್ಕೆ ಮರಿ. ಐಪ್ಟೇಸಿಯಾ ಒಂದೊಂದೇ ಮಾಯವಾಗತೊಡಗಿತು, ಮುಗಿದೂ ಹೋಯಿತು. ಈಗ ಇವಕ್ಕೆ ಊಟ?

ಹಾಗಾಗಿ ಅಡುಗೆಮನೆ ಕಿಟಕಿಯಲ್ಲಿ ಒಂದು ಜಾರ್ ಉಪ್ಪುನೀರು ಇಟ್ಟಿದ್ದೇನೆ. ಅದರಲ್ಲಿ ಐಪ್ಟೇಸಿಯಾ ಬೆಳೆಸುತ್ತಿದ್ದೇನೆ, ದಿನಾ ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಜೀವಿ) ಮರಿ ಹಾಕಿ, ಮುದ್ದು ಮಾಡಿ.