ಒಂದೇ ಅಂಕಿಯೊಳಗೆ ಹರಿವು ಮತ್ತು ಸೋರಿಕೆ

ಕಾಂಟ್ರಾಸ್ಟ್ ಔಷಧ ಕೊಟ್ಟು ಮಾಡುವ ಎಂಆರ್‌ಐ ವರದಿಗಳಲ್ಲಿ ಕೆ-ಟ್ರಾನ್ಸ್ ಎಂಬ ಅಂಕಿ ಕಂಡೊಡನೆ ಅದನ್ನು ‘ರಕ್ತನಾಳದ ಸೋರಿಕೆ’ ಎಂದು ಓದಿಕೊಳ್ಳುವ ರೂಢಿ ಬೇರೂರಿಬಿಟ್ಟಿದೆ. ಈ ಚಿತ್ರಗಳ ಲೆಕ್ಕ ಕಲಿಯತೊಡಗಿದ ಕಾಲದಲ್ಲಿ ನಾನೂ ಹಾಗೆಯೇ ಓದುತ್ತಿದ್ದೆ. ಆ ಅಂಕಿಯಲ್ಲಿ ಸೋರಿಕೆಯ ಜೊತೆಗೆ ರಕ್ತದ ಹರಿವೂ ಅಡಗಿದೆ, ಎಷ್ಟೋ ಸಲ ಹರಿವೇ ಹೆಚ್ಚು ಅಡಗಿದೆ ಎಂಬುದನ್ನು ಬಿಡಿಸಿ ಹೇಳಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ರಕ್ತನಾಳಕ್ಕೆ ಚುಚ್ಚುವ ಔಷಧದಲ್ಲಿರುವುದು ಗ್ಯಾಡೋಲಿನಿಯಂ. ಅದರ ಅಯಾನಿನಲ್ಲಿ ಜೋಡಿಯಿಲ್ಲದ 7 ಎಲೆಕ್ಟ್ರಾನ್‌ಗಳಿದ್ದು, ಅವು ಸುತ್ತಲಿನ ನೀರಿನ ಪ್ರೋಟಾನ್‌ಗಳು ಬೇಗ ಸ್ವಸ್ಥಿತಿಗೆ ಮರಳುವಂತೆ ಮಾಡುತ್ತವೆ; ಆ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಬಿಡಿಯಾಗಿದ್ದರೆ ವಿಷವಾಗುವ ಈ ಲೋಹವನ್ನು ಕೀಲೇಟ್ ಎಂಬ ದೊಡ್ಡ ಅಣುವಿನೊಳಗೆ ಬಂಧಿಸಿ, ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಮೋಲ್‌ನಂತೆ ಕೊಡುತ್ತಾರೆ. ಅಣು ಜೀವಕೋಶಗಳ ಒಳಗೆ ಹೋಗುವುದಿಲ್ಲ. ಲೋಮನಾಳದ ಗೋಡೆ ದಾಟಿ ಕೋಶಗಳ ನಡುವಿನ ಎಡೆಯಲ್ಲಿ ತಂಗಿ, ರಕ್ತದಲ್ಲಿ ಅದರ ಪ್ರಮಾಣ ಇಳಿದಾಗ ಮತ್ತೆ ನಾಳಕ್ಕೆ ಹಿಂದಿರುಗುತ್ತದೆ. ಕೆಲವೇ ಸೆಕೆಂಡುಗಳಿಗೊಂದರಂತೆ ಐದಾರು ನಿಮಿಷ ಚಿತ್ರ ತೆಗೆಯುತ್ತ ಹೋದರೆ, ಪ್ರತಿಯೊಂದು ಬಿಂದುವಿನಲ್ಲೂ ಏರಿ ಇಳಿಯುವ ಒಂದು ರೇಖೆ ಸಿಗುತ್ತದೆ.

ಈ ರೇಖೆಯನ್ನು ಅಂಕಿಯಾಗಿಸುವ ಮಾದರಿಯನ್ನು ಸಂಶೋಧಕರಾದ ಟಾಫ್ಟ್ಸ್ ಮತ್ತು ಕರ್ಮೋಡ್ 1991ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಹೆಸರಿಟ್ಟು ಗೊಂದಲವಾಗಿದ್ದ ಪರಿಮಾಣಗಳಿಗೆ 1999ರಲ್ಲಿ ಒಮ್ಮತದ ಹೆಸರುಗಳು ಬಂದವು. ಕೆ-ಟ್ರಾನ್ಸ್ ಎಂದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಿಂದ ಅಂಗಾಂಶಕ್ಕೆ ಔಷಧ ವರ್ಗಾವಣೆಯಾಗುವ ವೇಗ, ‘ಪ್ರತಿ ನಿಮಿಷಕ್ಕೆ’ ಎಂಬ ಮಾನದಲ್ಲಿ. ಗಮನಿಸಬೇಕಾದ ಪದ ವರ್ಗಾವಣೆ. ಗೋಡೆ ಎಷ್ಟೇ ಸಡಿಲವಾಗಿದ್ದರೂ ಕಾಲುವೆಗೆ ಬಂದ ನೀರಿಗಿಂತ ಹೆಚ್ಚು ಸೋರಲು ಸಾಧ್ಯವಿಲ್ಲ.

ಲೆಕ್ಕವನ್ನೇ ನೋಡೋಣ. ಒಂದು ಮಿಲಿಲೀಟರ್ ಅಂಗಾಂಶಕ್ಕೆ ನಿಮಿಷಕ್ಕೆ 0.2 ಮಿಲಿಲೀಟರ್ ಪ್ಲಾಸ್ಮಾ ಬರುತ್ತಿದ್ದು, ಗೋಡೆಯ ಸೋರುಗುಣ ಹರಿವಿನ ಹತ್ತು ಪಟ್ಟಿದ್ದರೆ, ಬಂದ ಔಷಧವೆಲ್ಲ ಒಂದೇ ಸುತ್ತಿನಲ್ಲಿ ಹೊರಬಿದ್ದು ಕೆ-ಟ್ರಾನ್ಸ್ 0.2 ಆಗುತ್ತದೆ. ಇನ್ನೊಂದೆಡೆ ಹರಿವು ನಿಮಿಷಕ್ಕೆ 1 ಮಿಲಿಲೀಟರ್ ಇದ್ದು, ಸೋರುಗುಣ ಅದೇ ಮಾನದಲ್ಲಿ ಸುಮಾರು 0.22 ಮಾತ್ರ ಇದ್ದರೆ, ಐದನೆಯ ಒಂದು ಪಾಲು ಹೊರಬಿದ್ದು ಅಲ್ಲಿಯೂ ಕೆ-ಟ್ರಾನ್ಸ್ 0.2 ಆಗುತ್ತದೆ. ರಕ್ತವೇ ಸರಿಯಾಗಿ ತಲುಪದ ಹರುಕು ನಾಳಗಳ ಜಾಗ ಒಂದು, ರಕ್ತ ತುಂಬಿ ಹರಿಯುವ ಬಿಗಿಯಾದ ನಾಳಗಳ ಜಾಗ ಇನ್ನೊಂದು. ಬಣ್ಣದ ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ. ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಔಷಧ ಕೊಟ್ಟ ಮೇಲೆ ಗೆಡ್ಡೆಯ ಕೆ-ಟ್ರಾನ್ಸ್ ಇಳಿದಾಗ, ನಾಳ ಬಿಗಿಯಾಯಿತೋ ರಕ್ತವೇ ಕಡಿಮೆಯಾಯಿತೋ ಎಂದು ಅದೊಂದೇ ಅಂಕಿ ಹೇಳಲಾರದು. ಇದು ಬರಿಯ ತಾತ್ತ್ವಿಕ ಚರ್ಚೆಯಲ್ಲ. ಮುಂದೆ ಕೊಡುವ ಕೀಮೋಥೆರಪಿ ಔಷಧ ಗೆಡ್ಡೆಯನ್ನು ತಲುಪಬೇಕಾದದ್ದೂ ಅದೇ ರಕ್ತದ ಮೂಲಕ.

ಎರಡನ್ನೂ ಬೇರ್ಪಡಿಸುವ ಮಾದರಿಗಳು ಇವೆ. ಆದರೆ ಅವು ಕೇಳುವ ಬೆಲೆ ವೇಗ. ಹರಿವಿನ ಸುಳಿವು ಔಷಧದ ಮೊದಲ ಸುತ್ತಿನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಬಂದು ಹೋಗುತ್ತದೆ. ಅಂಗಾಂಶಕ್ಕೆ ರಕ್ತ ಒಯ್ಯುವ ಧಮನಿಯ ರೇಖೆಯನ್ನೂ ಅದೇ ವೇಗದಲ್ಲಿ ಹಿಡಿಯಬೇಕು. ಹತ್ತಾರು ಸೆಕೆಂಡಿಗೊಂದು ಚಿತ್ರ ತೆಗೆದರೆ ಅದರ ಚೂಪಾದ ಶಿಖರ ಕೈತಪ್ಪಿ, ಬಂದ ಔಷಧ ಕಡಿಮೆಯೆಂದು ತೋರಿ, ಕೆ-ಟ್ರಾನ್ಸ್ ಉಬ್ಬಿಕೊಳ್ಳುತ್ತದೆ. ಔಷಧ ಕೆಂಪು ರಕ್ತಕಣಗಳೊಳಗೆ ಹೋಗದ ಕಾರಣ, ರಕ್ತದಲ್ಲಿ ಆ ಕಣಗಳ ಪಾಲು ಎಷ್ಟೆಂದು ಹೇಳುವ ಹೆಮಟೋಕ್ರಿಟ್ ಅನ್ನೂ ಲೆಕ್ಕಕ್ಕೆ ತರಬೇಕು. ಇದಕ್ಕೆಲ್ಲ ಮೊದಲು, ಔಷಧ ಕೊಡುವುದಕ್ಕಿಂತ ಮುಂಚಿನ ಟಿ1, ಅಂದರೆ ಪ್ರೋಟಾನ್‌ಗಳು ಸ್ವಸ್ಥಿತಿಗೆ ಮರಳಲು ಹಿಡಿಯುವ ಕಾಲ, ಗೊತ್ತಿಲ್ಲದಿದ್ದರೆ ಹೊಳಪನ್ನು ಸಾಂದ್ರತೆಯಾಗಿ ಪರಿವರ್ತಿಸಲಾಗದು. ಬೇರೆ ಬೇರೆ ಫ್ಲಿಪ್ ಕೋನಗಳಲ್ಲಿ (ರೇಡಿಯೋ ತರಂಗ ಪ್ರೋಟಾನ್‌ಗಳ ಕಾಂತತ್ವವನ್ನು ವಾಲಿಸುವ ಕೋನ) ಅದನ್ನು ಅಳೆಯುವಾಗ, ಕೋನ ನಾವು ಹೇಳಿದ್ದಕ್ಕಿಂತ ಶೇಕಡಾ 10ರಷ್ಟು ತಪ್ಪಿದರೆ ಟಿ1 ಸುಮಾರು ಶೇಕಡಾ 20ರಷ್ಟು ತಪ್ಪುತ್ತದೆ. 3 ಟೆಸ್ಲಾ ಕಾಂತಬಲದ ಯಂತ್ರಗಳಲ್ಲಿ ಇಂಥ ತಪ್ಪು ಅಪರೂಪವೇನಲ್ಲ.

ಮಿದುಳಿನಲ್ಲಿ ಹರಿವನ್ನು ಅಳೆಯಲು ಸಿಗ್ನಲ್ ಏರುವ ಬದಲು ಕುಸಿಯುವ ಬಗೆಯ, ಟಿ2-ಸ್ಟಾರ್ (ಸಿಗ್ನಲ್ ನಶಿಸಲು ಹಿಡಿಯುವ ಕಾಲ) ಆಧಾರಿತ ಚಿತ್ರಗಳನ್ನು ಬಳಸುತ್ತಾರೆ. ಅಲ್ಲಿಯೂ ಗೆಡ್ಡೆಯ ನಾಳ ಸೋರಿದರೆ ಟಿ1 ಪರಿಣಾಮ ಸಿಗ್ನಲನ್ನು ಮೇಲಕ್ಕೆಳೆದು ರಕ್ತದ ಪರಿಮಾಣವನ್ನು ಕಡಿಮೆ ತೋರಿಸಬಹುದು. ಅದಕ್ಕಾಗಿಯೇ ಮೊದಲೇ ಸ್ವಲ್ಪ ಔಷಧ ಕೊಟ್ಟು, ಆಮೇಲೆ ಲೆಕ್ಕದಲ್ಲೂ ತಿದ್ದುಪಡಿ ಮಾಡುವ ಪದ್ಧತಿಯಿದೆ.

ಕೆ-ಟ್ರಾನ್ಸ್ ಅನ್ನು ನಿಜಕ್ಕೂ ಸೋರಿಕೆ ಎಂದು ಕರೆಯಬಹುದಾದ ಜಾಗವೂ ಮಿದುಳೇ. ರಕ್ತ-ಮಿದುಳು ತಡೆ ಬಹುಮಟ್ಟಿಗೆ ಗಟ್ಟಿಯಾಗಿದ್ದು ಅಲ್ಪಸ್ವಲ್ಪ ಮಾತ್ರ ಸಡಿಲಗೊಂಡಿರುವಲ್ಲಿ, ಹರಿವಿಗೆ ಹೋಲಿಸಿದರೆ ಸೋರುಗುಣ ಎಷ್ಟು ಸಣ್ಣದೆಂದರೆ ಹರಿವು ಲೆಕ್ಕದಿಂದ ತಾನಾಗಿಯೇ ಹೊರಗುಳಿಯುತ್ತದೆ, ಇಳಿಜಾರಿನಿಂದಲೇ ಸೋರಿಕೆಯನ್ನು ಹೇಳುವ, ಪ್ಯಾಟ್‌ಲ್ಯಾಕ್ ಎಂಬ ಸಂಶೋಧಕರ ಸರಳ ನೇರರೇಖೆ ಸಾಕಾಗುತ್ತದೆ. ಆದರೆ ಅಲ್ಲಿ ಏರಿಕೆ ಎಷ್ಟು ನಿಧಾನವೆಂದರೆ, ಹದಿನೈದು ನಿಮಿಷಗಳಷ್ಟು ದೀರ್ಘ ಚಿತ್ರಣದ ನಡುವೆ ಯಂತ್ರದ ಸಿಗ್ನಲ್ ತುಸುವೇ ಜರುಗಿದರೂ ಅದು ಸೋರಿಕೆಯಂತೆಯೇ ಕಾಣುತ್ತದೆ.