ಇಟ್ಟಿಗೆ ಚೂರಿನ ಪಾಂಡವರು

ಅಹಮದಾಬಾದಿನ ಹೊರಗಿನ ಹೊಲದಲ್ಲಿ ಕಲ್ಲು ಹುಡುಕುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು 2024ರ ಡಿಸೆಂಬರ್ 30ರಂದು, ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ. ನದಿ ತಂದು ಹಾಸಿದ ಮೆಕ್ಕಲು ಮಣ್ಣು. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟಿನಂತೆ ಜಾರುತ್ತದೆ. ನಮಗೆ ಬೇಕಿದ್ದದ್ದು ಐದೇ ಐದು ಕಲ್ಲು. ಗಂಡ, ಮಗ, ನಾನು ಬದುವಿನುದ್ದಕ್ಕೂ ತಲೆ ತಗ್ಗಿಸಿ ನಡೆದೆವು.

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ನಮ್ಮ ಎರೆಹೊಲದಲ್ಲಿ ಈ ತಾಪತ್ರಯವಿಲ್ಲ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಸಾಲಾಗಿಟ್ಟು ಸುಣ್ಣ ಬಳಿದರೆ ಪಂಚಪಾಂಡವರು ಸಿದ್ಧ. ಪೂಜೆ ಮುಗಿಸಿ, ಮಾಡಿದ ಅಡುಗೆಯನ್ನೆಲ್ಲ ಕಲಸಿಕೊಂಡು ಅಪ್ಪ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. 'ಹುಲಿಗ್ಯೋ ಹುಲಿಗ್ಯೋ' ಎಂಬ ಕೂಗು ಆಚೆ ಹೊಲದ ಕೂಗಿಗೆ ತಾಗುತ್ತದೆ. ಹಿಂಗಾರಿ ಜೋಳ ಹೊಡೆ ತುಂಬುವ ಕಾಲ ಅದು. ಭೂಮಿ ಬಸುರಿ, ಅವಳಿಗೆ ಬಯಕೆ ಊಟ. ಒಂದು ಕಾಳೂ ಮನೆಗೆ ಬಂದಿರುವುದಿಲ್ಲ, ನಾವು ಮಾತ್ರ ಬುತ್ತಿ ಕಟ್ಟಿಕೊಂಡು ಹೋಗಿ ಉಣಿಸಿ ಬರುತ್ತೇವೆ.

ಇಲ್ಲಿಗೆ ಬಂದು ಮೂರು ವರ್ಷ. ಮೊದಲ ವರ್ಷ ಏಳನೆಯ ಮಹಡಿಯ ಬಾಲ್ಕನಿಯಲ್ಲಿದ್ದ ತುಳಸಿ ಕುಂಡಕ್ಕೆ ಚರಗ ಹಾಕಿದೆ. ಆ ರಾತ್ರಿ ಗವಿಸಿದ್ಧೇಶ್ವರನ ಪಟದ ಮುಂದೆ ಕುಳಿತು, ಎಲ್ಲರನ್ನೂ ಊರಲ್ಲಿ ಇಟ್ಟುಕೊಂಡು ನನ್ನೊಬ್ಬಳನ್ನೇ ಯಾಕೆ ಎತ್ತಿ ಒಗೆದೆ ಎಂದು ಜಗಳವಾಡಿದ್ದೆ. ದೀಪ ಸುಮ್ಮನೆ ಉರಿಯಿತು. ಎರಡನೆಯ ವರ್ಷ ಹಬ್ಬವನ್ನೇ ಮಾಡಲಿಲ್ಲ.

ಅಡುಗೆಯ ಮಟ್ಟಿಗೆ ಗುಜರಾತ್ ಕೈ ಬಿಡುವುದಿಲ್ಲ ಎನ್ನಬೇಕು. ಅವರಿಗೂ ಚಳಿಗಾಲದಲ್ಲಿ ಸಜ್ಜೆಯ ರೋಟ್ಲೊ ಬೇಕು, ಹಾಗಾಗಿ ಹಿಟ್ಟು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅವರದು ದಪ್ಪ. ನಾನು ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿ ತೆಳ್ಳಗೆ ಬಡಿದೆ. ಕೆಳಗಿನ ಮನೆಯವರು ಗೋಡೆಗೆ ಮೊಳೆ ಹೊಡೆಯುತ್ತಿದ್ದೇವೆ ಎಂದುಕೊಂಡರಂತೆ. ಶೇಂಗಾ ಹೋಳಿಗೆ, ಎಣ್ಣೆ ಬದನೆಕಾಯಿ, ಮಡಿಕೆಕಾಳಿನ ಪಲ್ಯ ಆದವು. ಊರಿಂದ ತಂದಿದ್ದ ಗುರೆಳ್ಳು ಚಟ್ನಿಪುಡಿಯ ಡಬ್ಬಿಯ ತಳ ಕೆರೆದದ್ದೂ ಆಯಿತು. ಪುಂಡಿ ಸೊಪ್ಪು ಮಾತ್ರ ಸಿಗಲಿಲ್ಲ. ಪಾಲಕ್‌ಗೆ ಹುಣಸೆಹುಳಿ ಹಾಕಿ ಏನೋ ಒಂದು ಮಾಡಿದೆ. ಅದನ್ನು ಪುಂಡಿ ಪಲ್ಯ ಎಂದರೆ ಪಾಪ ಬಂದೀತು.

ಈ ಸಲ ಹೊಲಕ್ಕೇ ಹೋಗಲು ಹಟ ಹಿಡಿಸಿದವಳು ಅಜ್ಜಿ. ಅವಳ ತವರು ತುಂಗಭದ್ರಾ ಜಲಾಶಯದ ತಳದಲ್ಲಿದೆ. 1953ರಲ್ಲಿ ಮುಗಿದ ಆ ಅಣೆಕಟ್ಟೆಗಾಗಿ ಸುಮಾರು 90 ಹಳ್ಳಿಗಳು ಮುಳುಗಿದವು. ಆಗ ಅವಳಿಗೆ ಹದಿನೈದೋ ಹದಿನಾರೋ. ತಡೆದ ನೀರು ಕಾಲುವೆ ಹಿಡಿದು ಗಂಗಾವತಿ, ಸಿಂಧನೂರುಗಳ ಗದ್ದೆಗೆ ಹೋಯಿತು. ಊರು ಬಿಟ್ಟುಕೊಟ್ಟ ಅವಳು ಸೊಸೆಯಾಗಿ ಬಂದದ್ದು ಮುಗಿಲು ನೋಡಿ ಬಿತ್ತುವ ಯಲಬುರ್ಗಾ ಸೀಮೆಗೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ, ನೀರೆಲ್ಲ ಹೋಗುತ್ತಿದೆ ಎಂದು ನಾವೆಲ್ಲ ಟಿವಿಗೆ ಕಣ್ಣು ನೆಟ್ಟಿದ್ದೆವು. ಅಜ್ಜಿ ಮಾತ್ರ ಫೋನಿನಲ್ಲಿ ಮೆಲ್ಲಗೆ ಕೇಳಿದಳು: "ನಮ್ಮೂರು ಕಂಡೀತೇನವ್ವಾ?"

ಮುಳುಗುವ ಮುಂಚೆ ಹೊಲದ ಪಾಂಡವರನ್ನು ಎತ್ತಿಕೊಂಡು ಬಂದಿರಾ ಎಂದು ಒಮ್ಮೆ ಕೇಳಿದ್ದೆ. ಅವಳು ನಕ್ಕಳು. "ಹೊರಲು ಬೇಕಾದಷ್ಟಿತ್ತು, ಕಲ್ಲನ್ನು ಯಾಕೆ ಹೊರೋಣ? ದೇವರು ನಾವು ಹೋದ ಕಡೆ ಸಿಗುತ್ತಾನೆ. ನಿನ್ನ ಹತ್ತಿರ ಸುಣ್ಣ ಇದ್ದರೆ ಸಾಕು."

ಸುಣ್ಣವಿತ್ತು. ಪಾನ್ ಅಂಗಡಿಯಲ್ಲಿ ಕೊಂಡ ಪುಟ್ಟ ಡಬ್ಬಿ. ಕಲ್ಲು ಸಿಗಲೇ ಇಲ್ಲ. ಕೊನೆಗೆ ಪಂಪಿನ ಕೋಣೆಯ ಹಿಂದೆ ಬಿದ್ದಿದ್ದ ಇಟ್ಟಿಗೆಯ ಚೂರುಗಳಲ್ಲಿ ಐದನ್ನು ಮಗ ಆರಿಸಿ ತಂದ. ಅವುಗಳಲ್ಲಿ ದಪ್ಪನೆಯದನ್ನು ಭೀಮ ಎಂದು ಅವನೇ ನಿರ್ಧರಿಸಿದ. ಬೆರಳಿನಿಂದ ಸುಣ್ಣ ಹಚ್ಚಿದೆ. ಬಿಸಿಲಿಗೆ ಒಣಗಿ ಬೆಳ್ಳಗಾಗುತ್ತಿದ್ದ ಹಾಗೆ ಇಟ್ಟಿಗೆಯ ಕೆಂಪು ಮರೆಯಾಯಿತು.

ಹೊಲ ಗಂಡನ ಸಹೋದ್ಯೋಗಿಯ ಚಿಕ್ಕಪ್ಪನದು. ಗೋಧಿ, ಬದುವಿಗೆ ಔಡಲ. ಒಳ್ಳೆಯ ಅನ್ನವನ್ನು ಮಣ್ಣಿಗೆ ಎರಚುವುದೇಕೆ ಎಂದು ಆತ ಹುಬ್ಬು ಗಂಟಿಕ್ಕಿ ನಿಂತರು. ನನ್ನ ಹರಕು ಹಿಂದಿಯಲ್ಲಿ ವಿವರಿಸುತ್ತ ಬಾಯಿ ತಪ್ಪಿ 'ಸೀಮಂತ' ಎಂದೆ. ಅವರ ಹೆಂಡತಿ ಥಟ್ಟನೆ ತಲೆಗೆ ಸೆರಗು ಹೊದ್ದುಕೊಂಡರು. ಗುಜರಾತಿಯಲ್ಲೂ ಅದು ಸೀಮಂತವೇ. ಆಮೇಲೆ ಏನೂ ಹೇಳಬೇಕಾಗಲಿಲ್ಲ. ಆಕೆಯೂ ಒಂದು ಹಿಡಿ ತೆಗೆದುಕೊಂಡು ಚೆಲ್ಲಿದರು. ಗಂಡ ನಾಚಿಕೊಂಡೇ 'ಹುಲಿಗ್ಯೋ' ಎಂದರು. ಮಗನಿಗೆ ನಾಚಿಕೆಯಿರಲಿಲ್ಲ. ಆಚೆ ಹೊಲದಿಂದ ಯಾರೂ ಓಗೊಡಲಿಲ್ಲ, ಅದೊಂದು ಚುಚ್ಚಿತು.

ಅಜ್ಜಿಗೆ ವಿಡಿಯೊ ಕರೆ ಮಾಡಿದೆ. ಪಾಂಡವರನ್ನು ತೋರಿಸಿದರೆ, "ಇರಲಿ, ಬೆಳೆ ತೋರಿಸು" ಎಂದಳು. ಮೊಬೈಲನ್ನು ಗೋಧಿಯ ಮೇಲೆ ಹಿಡಿದೆ. ಮೊಣಕಾಲೆತ್ತರಕ್ಕೂ ಬಾರದ ಹಸಿರು. ತುಸು ಹೊತ್ತು ಮುಖವನ್ನು ಪರದೆಗೆ ಹತ್ತಿರ ತಂದು ನೋಡಿದಳು.

"ಇದಿನ್ನೂ ಹೊಡೆಯೇ ಕಟ್ಟಿಲ್ಲವಲ್ಲೇ! ಬಸುರಾಗುವ ಮೊದಲೇ ಬಯಕೆ ಊಟ ಹಾಕಿದ್ದೀಯಲ್ಲೇ, ಯವ್ವಾ."

ನಾನು ಪೆಚ್ಚಾದೆ.

"ಆಗುತ್ತಾಳೆ ಬಿಡು. ನೀರು ಯಾವಾಗ ಬಿಡುತ್ತಾರೆ, ಆ ಹೆಣ್ಣುಮಗಳನ್ನು ಕೇಳು."