ಎನ್‌ಸಿಸಿಗೆ ಸೇರಲಾ ಚಿಕ್ಕಿ?

ಅಕ್ಕನ ಮಗಳು ಈ ವರ್ಷ ಉಡುಪಿಯಲ್ಲಿ ಬಿ.ಕಾಂ.ಗೆ ಸೇರಿದ್ದಾಳೆ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಎನ್‌ಸಿಸಿ (ನ್ಯಾಷನಲ್ ಕೆಡೆಟ್ ಕೋರ್) ಆಯ್ಕೆಯ ಸುದ್ದಿ ಕಂಡದ್ದೇ ನನಗೆ ಮೆಸೇಜ್ ಹಾಕಿದಳು. "ಸೇರಲಾ ಚಿಕ್ಕಿ? ಸೇರಿದ್ರೆ ಮಿಲಿಟರಿಗೆ ಹೋಗ್ಲೇಬೇಕಾ?" ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡನೇ ಪ್ರಶ್ನೆ. ಹೋಗಲೇಬೇಕು ಅಂತೇನಿಲ್ಲ. ಕೆಡೆಟ್‌ಗಳಿಗೆ ಸೇನೆಯಲ್ಲಿ ದುಡಿಯುವ ಹೊಣೆ ಇಲ್ಲ ಎಂದು 1948ರ ಎನ್‌ಸಿಸಿ ಕಾಯ್ದೆಯೇ ಹೇಳುತ್ತದೆ. ಸೇರುವುದೇ ಕಡ್ಡಾಯ ಇದ್ದ ಕಾಲವೂ ಒಂದಿತ್ತು. 1962ರ ಚೀನಾ ಯುದ್ಧದ ಬಿಸಿ ಆರುವ ಮೊದಲೇ, 1963ರಲ್ಲಿ, ಕಾಲೇಜು ಹುಡುಗರೆಲ್ಲ ಕವಾಯತು ಮಾಡಬೇಕಾಯಿತು. 1968ರಲ್ಲಿ ಮತ್ತೆ ಇಷ್ಟ ಇದ್ದವರಿಗೆ ಮಾತ್ರ ಎಂದಾಯಿತು. ನಮ್ಮ ದೊಡ್ಡಪ್ಪ ಆ ಕಡ್ಡಾಯದ ಕಾಲದವರು. ಯಾರಾದರೂ ಎನ್‌ಸಿಸಿ ಎಂದರೆ ಸಾಕು, ತಮಗೆ ಸಿಕ್ಕಿದ ಬೂಟು ಒಂದು ಸೈಜ್ ದೊಡ್ಡದಿತ್ತು ಎಂದು ಈಗಲೂ ಶುರು ಮಾಡುತ್ತಾರೆ.

ನಾನಿದ್ದದ್ದು ಆರ್ಮಿ ವಿಂಗ್‌ನಲ್ಲಿ, ಉಡುಪಿಯ 21 ಕರ್ನಾಟಕ ಬೆಟಾಲಿಯನ್. ಮಂಗಳೂರಲ್ಲಿ 18 ಕರ್ನಾಟಕ ಬೆಟಾಲಿಯನ್ ಜೊತೆಗೆ ನೇವಿ, ಏರ್ ವಿಂಗ್‌ಗಳೂ ಇವೆ. ನಮ್ಮೂರಿನಲ್ಲಿ ಆಯ್ಕೆ, ಮೊದಲ ಪರೇಡು ಎಲ್ಲ ಮಳೆಗಾಲದಲ್ಲೇ ಬರುವುದು. ಬೂಟು ಒಣಗುವುದೇ ಇಲ್ಲ. ಒಳಗೆ ಪೇಪರ್ ತುರುಕಿ ಬಚ್ಚಲೊಲೆಯ ಹತ್ತಿರ ಇಡಬೇಕು, ತೀರಾ ಹತ್ತಿರ ಇಟ್ಟರೆ ಚರ್ಮ ಸುಕ್ಕಾಗುತ್ತದೆ. ಪರೇಡ್ ಮುಗಿದ ಮೇಲೆ ಬನ್ಸ್, ಚಾ. ಅರ್ಧ ಜನ ಅದಕ್ಕೇ ಬರುತ್ತಿದ್ದರು ಅಂದರೂ ತಪ್ಪಲ್ಲ.

ಸಿಲಬಸ್‌ನಲ್ಲಿ ನಾಯಕತ್ವ ಎಂದೇ ಒಂದು ಪಾಠ ಇದೆ. ನಾಯಕನ ಗುಣಗಳ ಪಟ್ಟಿ: ಧೈರ್ಯ, ಪ್ರಾಮಾಣಿಕತೆ, ನಿರ್ಧಾರಶಕ್ತಿ ಹೀಗೆ. ಎನ್‌ಸಿಸಿಯ ಕೊನೆಯ ಹಂತವಾದ ಸಿ ಸರ್ಟಿಫಿಕೇಟ್ ಪರೀಕ್ಷೆಗೆ ಅದನ್ನು ಉರು ಹೊಡೆದು ಬರೆದೆವು, ಮಾರ್ಕೂ ಬಂತು. ಆ ಪಟ್ಟಿಯಿಂದ ನನಗೆ ಒಂದು ಕೆಲಸವೂ ಆಗಿಲ್ಲ, ನಿಜ ಹೇಳಬೇಕೆಂದರೆ. ಉಪಯೋಗಕ್ಕೆ ಬಂದದ್ದೆಲ್ಲ ಆ ಪಾಠದ ಹೊರಗೆ, ಸಣ್ಣ ಸಣ್ಣ ಕೆಲಸಗಳಲ್ಲಿ ಸಿಕ್ಕಿದ್ದು.

ಡ್ರಿಲ್ ತೆಗೆದುಕೊಳ್ಳಿ. ಹೊರಗಿನಿಂದ ನೋಡುವವರಿಗೆ ಅದು ಸುಮ್ನೆ ಕಾಲು ಬಡಿಯುವುದು. ಆದರೆ ಮುಂದೆ ನಿಂತು ಕಮಾಂಡ್ ಕೊಡುವವಳ ಕಷ್ಟ ಬೇರೆ. ಕಮಾಂಡಿಗೆ ಎರಡು ಭಾಗ. ಮೊದಲ ಭಾಗ ಎಚ್ಚರಿಸಲಿಕ್ಕೆ, ಅದನ್ನು ಎಳೆದು ಹೇಳಬೇಕು. ಆಮೇಲೆ ಸ್ವಲ್ಪ ಬಿಡುವು. ಎರಡನೆಯದು ಮಾಡಿಸಲಿಕ್ಕೆ, ಅದು ತಟ್ಟನೆ ಬರಬೇಕು. "ದಾಹಿನೇ... ಮುಡ್." ಬಲಕ್ಕೆ ತಿರುಗು ಎಂದು. ಪ್ಲಟೂನ್ ನಡೆಯುತ್ತಿರುವಾಗ ಯಾವ ಕಾಲು ನೆಲ ಮುಟ್ಟುವಾಗ ಆ ಕೊನೆಯ ಶಬ್ದ ಬಾಯಿಂದ ಬೀಳಬೇಕು ಎಂಬುದಕ್ಕೂ ಲೆಕ್ಕ ಇದೆ. ಅರ್ಧ ಹೆಜ್ಜೆ ಆಚೀಚೆ ಆದರೆ ಸಾಲು ಚೆಲ್ಲಾಪಿಲ್ಲಿ. ಮುಂದಿನವರು ತಿರುಗಿರುತ್ತಾರೆ, ಹಿಂದಿನವರು ನೆಟ್ಟಗೆ ಹೋಗಿರುತ್ತಾರೆ. ಆಗ ಡ್ರಿಲ್ ಕಲಿಸುವ ಉಸ್ತಾದ್ ಬೈಯುವುದು ಸಾಲಿನಲ್ಲಿದ್ದವರಿಗಲ್ಲ, ಕಮಾಂಡ್ ಕೊಟ್ಟವಳಿಗೆ. ಗಢವಾಲ್ ಕಡೆಯ ಹವಾಲ್ದಾರ್ ಅವರು. ಮೈದಾನದ ಎರಡು ತುದಿಯಲ್ಲಿ ಇಬ್ಬಿಬ್ಬರನ್ನು ನಿಲ್ಲಿಸಿ, ಸುರಿಯುವ ಮಳೆಯಲ್ಲಿ ಒಬ್ಬರ ಕಮಾಂಡಿಗೆ ಇನ್ನೊಬ್ಬರು ನಡೆಯುವಂತೆ ಮಾಡುತ್ತಿದ್ದರು. ಮನೆಯಲ್ಲಿ ದನಿ ತಗ್ಗಿಸಿ ಮಾತಾಡು ಎಂದು ಹೇಳಿಸಿಕೊಂಡು ಬೆಳೆದ ಹುಡುಗಿಯರು ನಾವು. ಅಷ್ಟು ಜೋರಾಗಿ ಕೂಗಿದರೂ ಯಾರೂ ಏನೂ ಅನ್ನದ ಜಾಗ ಅದೊಂದೇ ಇತ್ತು.

ನನಗೆ ತುಂಬ ಹಿಡಿಸಿದ್ದು ದೂರ ಅಂದಾಜು ಮಾಡುವ ಪಾಠ. ಕಣ್ಣು ಹೇಗೆ ಮೋಸ ಹೋಗುತ್ತದೆ ಎಂದು ಮೊದಲು ಕಲಿಸುತ್ತಾರೆ. ಬೆನ್ನ ಹಿಂದೆ ಸೂರ್ಯ ಇದ್ದರೆ ವಸ್ತು ಹತ್ತಿರ ಕಾಣುತ್ತದೆ. ಬೆಳಕು ಮಂದ ಇದ್ದರೆ, ಅಥವಾ ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೆ ದೂರ ಕಾಣುತ್ತದೆ. ನಡುವೆ ನೀರು ಇದ್ದರೂ ಹತ್ತಿರ ಅನ್ನಿಸುತ್ತದೆ. ಮಲ್ಪೆ ಬೀಚಿನಲ್ಲಿ ನಿಂತು ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಜಿಕೊಂಡೇ ಹೋಗಬಹುದು ಅನ್ನಿಸುತ್ತದೆ, ದೋಣಿ ಹತ್ತಿದ ಮೇಲೆ ಗೊತ್ತಾಗುತ್ತದೆ.

ಇದಕ್ಕೆ ಪರಿಹಾರವಾಗಿ ಹಲವು ವಿಧಾನ ಇವೆ. ಒಂದರ ಹೆಸರು ಸೆಕ್ಷನ್ ಆವರೇಜ್. ಸೆಕ್ಷನ್ ಎಂದರೆ ಒಂದು ಸಣ್ಣ ತಂಡ. ಸೆಕ್ಷನ್ ಕಮಾಂಡರ್ ತನ್ನ ಕಣ್ಣೊಂದನ್ನೇ ನಂಬುವುದಿಲ್ಲ. ಸೆಕ್ಷನ್‌ನಲ್ಲಿರುವ ಎಲ್ಲರನ್ನೂ ಕೇಳಿ, ಬಂದ ಅಂಕೆಗಳ ಸರಾಸರಿ ತೆಗೆಯುತ್ತಾನೆ. ಕೇಳುವುದು ಸಣ್ಣಸ್ತಿಕೆ ಅಲ್ಲ, ಅದೇ ಕ್ರಮ. ನಾನೀಗ ಕಾರ್ಕಳದ ಕಡೆ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾಳೆ ಸಂಜೆಗೆ ಡಬ್ಲ್ಯೂ-320 (ಇಡೀ ಗೇರುಬೀಜದ ಒಂದು ಗ್ರೇಡ್) ಎಷ್ಟು ಟಿನ್ ಆದೀತು ಎಂದು ಆಫೀಸಿನವರು ಕೇಳಿದರೆ, ಗ್ರೇಡಿಂಗ್‌ಗೆ ಕೂತ ಅಕ್ಕಂದಿರನ್ನು ಒಬ್ಬೊಬ್ಬರಾಗಿ ಕೇಳಿ ಬರುತ್ತೇನೆ. ನನಗಿಂತ ಮೊದಲಿದ್ದವರು ತಮ್ಮ ಕೋಣೆಯಲ್ಲೇ ಕೂತು ಅಂಕೆ ಹೇಳುತ್ತಿದ್ದರಂತೆ. ಹೇಗಿತ್ತು ಅವರ ಅಂದಾಜು ಅಂತ ಕೇಳಿದರೆ ಅಕ್ಕಂದಿರು ನಗುತ್ತಾರೆ.

ಹತ್ತು ದಿನದ ವಾರ್ಷಿಕ ಕ್ಯಾಂಪಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದನ್ನು ಹೋಗಿಯೇ ನೋಡಬೇಕು. ಒಂದೇ ಒಂದು ಹೇಳುತ್ತೇನೆ. ಸೀನಿಯರ್ ಆದವಳು ಊಟಕ್ಕೆ ಕೊನೆಗೆ ನಿಲ್ಲಬೇಕು. ತನ್ನ ಹುಡುಗಿಯರೆಲ್ಲರ ತಟ್ಟೆಗೆ ಬಿದ್ದ ಮೇಲೆ. ಕೆಲವೊಮ್ಮೆ ಪಲ್ಯ ಮುಗಿದಿರುತ್ತದೆ. ತೋಳಿನ ಮೇಲೆ ಪಟ್ಟಿ ಬಂತೆಂದು ಮೊದಲ ದಿನ ಹಿಗ್ಗಿದವರೆಲ್ಲ ಮೂರನೇ ದಿನಕ್ಕೆ ತಣ್ಣಗಾಗಿರುತ್ತಾರೆ.

ಇನ್ನು ನಿಜವಾಗಿಯೂ ಸೇನೆಗೆ ಹೋಗುವ ಮನಸ್ಸಿದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಎಂಬ ದಾರಿ ಇದೆ, ಹುಡುಗಿಯರಿಗೂ. ಡಿಗ್ರಿಯಲ್ಲಿ ಶೇಕಡಾ 50, ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್ ಬೇಕು. ಲಿಖಿತ ಪರೀಕ್ಷೆ ಇಲ್ಲ, ಅರ್ಜಿಗಳಲ್ಲಿ ಆರಿಸಿ ನೇರ, ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿಯಾದ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಪಾಸಾದರೆ ಚೆನ್ನೈಯ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ. ನಾನು ಬೆಂಗಳೂರಿನ ಎಸ್‌ಎಸ್‌ಬಿವರೆಗೆ ಹೋಗಿ ಬಂದವಳು. ಐದು ದಿನ ಇದ್ದೆ, ಆಯ್ಕೆ ಆಗಲಿಲ್ಲ.

ಅಲ್ಲಿ ಕಮಾಂಡ್ ಟಾಸ್ಕ್ ಎಂದು ಒಂದಿದೆ. ಹಲಗೆ, ಮರದ ಬೊಡ್ಡೆ, ಹಗ್ಗ ಕೊಟ್ಟು ಅಡೆತಡೆ ದಾಟಿ ಎನ್ನುತ್ತಾರೆ. ನೀವೇ ಕಮಾಂಡರ್, ಗುಂಪಿನಿಂದ ಸಹಾಯಕರನ್ನು ನೀವೇ ಆರಿಸಿಕೊಳ್ಳಬೇಕು. ಎಲ್ಲರೂ ತಾವು ಕಮಾಂಡರ್ ಆದಾಗ ಏನು ಮಾಡಬೇಕು ಎಂದೇ ತಲೆ ಕೆಡಿಸಿಕೊಂಡಿದ್ದರು. ನಮ್ಮ ಗುಂಪಿನಲ್ಲಿ ಒಬ್ಬಳು ಮಾತು ಕಡಿಮೆಯ ಹುಡುಗಿ ಇದ್ದಳು. ಒಬ್ಬರಾದ ಮೇಲೆ ಒಬ್ಬರು ಅವಳನ್ನೇ ಸಹಾಯಕ್ಕೆ ಕರೆದರು, ನಾನೂ ಕರೆದೆ. ಹಗ್ಗ ಹಿಡಿ ಎಂದರೆ ಹಿಡಿಯುತ್ತಿದ್ದಳು. ಹಲಗೆ ಗಿಡ್ಡ ಆಗ್ತದೆ ಅನ್ನಿಸಿದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. ಕೊನೆಯ ದಿನ, ಆಯ್ಕೆಯಾದವರದ್ದೆಂದು ಓದಿದ ನಂಬರುಗಳಲ್ಲಿ ಅವಳದ್ದಿತ್ತು.

ಈಗ ಎನ್‌ಸಿಸಿಗೆ ಕ್ರೆಡಿಟ್ ಬೇರೆ ಸಿಗುತ್ತದೆ. 2021ರಲ್ಲಿ ಯುಜಿಸಿ ಇದನ್ನು ಐಚ್ಛಿಕ ವಿಷಯವಾಗಿ ಕಲಿಸಬಹುದು ಎಂದು ವಿಶ್ವವಿದ್ಯಾಲಯಗಳಿಗೆ ಹೇಳಿತು, ಆರು ಸೆಮಿಸ್ಟರಿಗೆ 24 ಕ್ರೆಡಿಟ್. ನನಗೆ ಇದರ ಬಗ್ಗೆ ಅಷ್ಟೇನೂ ಉತ್ಸಾಹ ಇಲ್ಲ. ಮಾರ್ಕಿಗೆ ಬರುವವರು ಜಾಸ್ತಿಯಾದರೆ ಆ ಗುಣಗಳ ಪಟ್ಟಿಯೇ ಮುಂದೆ ಬಂದು ಕೂರುತ್ತದೆ. ಆದರೆ ಪರೇಡಿಗೆ ಹೋಗಿ ತಪ್ಪಿದ ಕ್ಲಾಸಿನ ಹಾಜರಾತಿಗಾಗಿ ಲೆಕ್ಚರರ ಹಿಂದೆ ಅಲೆಯುವುದು ತಪ್ಪುವುದಾದರೆ ಅಷ್ಟು ಒಳ್ಳೆಯದೇ.

ಹಾಗಾಗಿ ಸೇರು ಮಾರಾಯ್ತಿ. ಆಯ್ಕೆಗೆ ಓಡಿಸುತ್ತಾರೆ, ಈಗಿಂದಲೇ ಬೆಳಿಗ್ಗೆ ಸ್ವಲ್ಪ ಓಡು. ಬೂಟು ಕೊಡುವ ದಿನ ದಪ್ಪ ಸಾಕ್ಸ್ ಹಾಕಿಯೇ ಸೈಜ್ ನೋಡು. ಕಪ್ಪಾಗ್ತಾಳೆ, ಆಮೇಲೆ ಯಾರು ಕೇಳ್ತಾರೆ ಎಂದು ನಿನ್ನಮ್ಮ ನಿನ್ನೆ ನನಗೆ ಫೋನ್ ಮಾಡಿ ಬೈದಳು. ಕಪ್ಪಾಗುವುದು ನಿಜವೇ, ಅದರಲ್ಲಿ ವಾದ ಮಾಡಲಿಕ್ಕೆ ಏನೂ ಇಲ್ಲ. ಫಾರಂಗೆ ಸಹಿ ಮಾತ್ರ ಅಪ್ಪನ ಹತ್ತಿರ ಹಾಕಿಸಿಕೋ.